ಕ್ಷೌರದ ಕತ್ತಿಯ ಹಿಡಿ: ಪಕ್ಕೆ, ಮೊಳೆ, ಬೆಣೆ

ಹಿರಿಯರು ಬಳಸುತ್ತಿದ್ದ ಮಡಿಸುವ ಕ್ಷೌರದ ಕತ್ತಿಯು ಇಂದಿಗೂ ಕೆಲವು ಮನೆಗಳ ಪೆಟ್ಟಿಗೆಯಲ್ಲಿ ಉಂಟು. ಇಂಗ್ಲೆಂಡಿನ ಷೆಫೀಲ್ಡ್, ಜರ್ಮನಿಯ ಜೋಲಿಂಗೆನ್ ಪಟ್ಟಣಗಳ ಅಲಗು ನೂರು ವರ್ಷ ಕಳೆದರೂ ಗಟ್ಟಿಯಾಗಿರಬಹುದು. ಸಾಮಾನ್ಯವಾಗಿ ಮೊದಲು ಕೆಡುವುದು ಹಿಡಿಯೇ. ಹಿಡಿ ಸಡಿಲವಾದರೆ ಮಡಿಸುವಾಗ ಅಲಗು ಓರೆಯಾಗಿ ಪಕ್ಕೆಗೆ ತಗಲಿ ಮೊಂಡಾಗುವುದು. ಕೆನ್ನೆಗೂ ಬೆರಳಿಗೂ ಅಪಾಯವುಂಟು. ಆದುದರಿಂದ ಹಿಡಿಯ ದುರಸ್ತಿಯನ್ನು ಕುರಿತು ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತೇವೆ.

ಮೊದಲು ಹಳೆಯ ಹಿಡಿ ಯಾವ ವಸ್ತುವಿನದೆಂಬುದನ್ನು ನೋಡತಕ್ಕದ್ದು. 1870ರ ಸುಮಾರಿಗೆ ಅಮೆರಿಕದ ಜಾನ್ ವೆಸ್ಲಿ ಹಯಾಟ್ ಎಂಬವರು ಬಳಕೆಗೆ ತಂದ ಸೆಲ್ಯುಲಾಯ್ಡ್, ಮುಂದೆ ದಂತದ ಮತ್ತು ಆಮೆಚಿಪ್ಪಿನ ವೇಷ ತೊಟ್ಟು ಕತ್ತಿಯ ಹಿಡಿಯನ್ನೂ ಸೇರಿತು. ಹಳತಾಗಿ ಕೊಳೆಯತೊಡಗಿದಾಗ ಅದು ಆಮ್ಲದ ಆವಿಯನ್ನು ಕಾರುತ್ತದೆ. ಮಡಿಸಿಟ್ಟ ಅಲಗು ಒಳಗೊಳಗೇ ತುಕ್ಕು ಹಿಡಿದು ಗುಳಿಬೀಳುತ್ತದೆ. ಹಿಡಿ ಬಿರುಕುಬಿಟ್ಟು, ಅದರೊಳಗೆ ಅಡಗುವ ಭಾಗದಲ್ಲಿಯೇ ತುಕ್ಕು ಹೆಚ್ಚಾಗಿದ್ದರೆ ಅಂತಹ ಹಿಡಿಯನ್ನು ಉಳಿಸಲು ಹವಣಿಸಬಾರದು. ಸೆಲ್ಯುಲಾಯ್ಡ್ ಬಹುಬೇಗ ಹೊತ್ತಿಕೊಳ್ಳುವ ವಸ್ತುವಾದುದರಿಂದ ಅದನ್ನು ಬೆಂಕಿಯ ಬಳಿಗೆ ಒಯ್ಯಲೇಕೂಡದು.

ಹೊಸ ಪಕ್ಕೆಗಳಿಗೆ ಎಮ್ಮೆಯ ಕೊಂಬು ಉತ್ತಮ. ಬಿಸಿನೀರಿನಲ್ಲಿ ಮೆದುವಾಗುವ ಕಾರಣ ಸೊಟ್ಟಗಾದರೂ ತಿದ್ದಬಹುದು. ಹುಳು ತಿನ್ನದಂತೆ ಮಾತ್ರ ಎಚ್ಚರವಿರಬೇಕು. ಕರಿಮರ, ಬೀಟೆಗಳ ತುಂಡು ದೊರೆತರೆ ಅದೂ ಸರಿಯೇ. ಆದರೆ ನೀರು ಹೀರದಂತೆ ಎಣ್ಣೆ ಕುಡಿಸಬೇಕು. ದಂತವನ್ನೂ ಆಮೆಚಿಪ್ಪನ್ನೂ ಅರಸಿ ಹೋಗಲಾಗದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು ಅದರ ತಿದ್ದುಪಡಿಗಳು ಅವುಗಳ ವ್ಯಾಪಾರವನ್ನು ನಿಷೇಧಿಸಿವೆ. ಕೊಂಬನ್ನು ಉಜ್ಜುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಕೆಡುಕಾದುದರಿಂದ ಮೂಗುಬಾಯಿಗಳನ್ನು ಮುಚ್ಚಿಕೊಳ್ಳುವುದು ಅವಶ್ಯ.

ಮೊಳೆಯು ಮೆತ್ತಗಿನ ಲೋಹದ್ದಾಗಿರಬೇಕು. ಕಬ್ಬಿಣವು ತುಕ್ಕು ಹಿಡಿಯುವುದು. ಗಡುಸಾದ ಉಕ್ಕಿನ ತಲೆಯನ್ನು ಬಡಿದು ಅಗಲಿಸಹೋದರೆ ಪಕ್ಕೆ ಸೀಳುವುದು. ಹಿತ್ತಾಳೆ ಅಥವಾ ಜರ್ಮನ್ ಸಿಲ್ವರ್ ತಂತಿಯೇ ಯೋಗ್ಯ. ಈ ಎರಡನೆಯದರಲ್ಲಿರುವುದು ತಾಮ್ರ, ನಿಕಲ್, ಸತುವುಗಳೇ, ಹೆಸರಿನಲ್ಲಲ್ಲದೆ ಬೆಳ್ಳಿಯಿಲ್ಲ. ದಪ್ಪ ಸಾಮಾನ್ಯವಾಗಿ ಅಂಗುಲದ 16ರಲ್ಲಿ ಒಂದು ಪಾಲು, ಎಂದರೆ ಸುಮಾರು 1.6 ಮಿಲಿಮೀಟರು.

ಹಿಡಿಯ ಹಿಂತುದಿಯ ಬೆಣೆಯು ಸಣ್ಣದಾದರೂ ಮುಖ್ಯವಾದುದು. ಒಂದು ಕಡೆಗೆ ತೆಳುವಾಗುತ್ತ ಬರುವ ಈ ಬೆಣೆಯಿಂದಲೇ ಪಕ್ಕೆಗಳು ತುಸು ಬಾಗಿ ಅಲಗನ್ನು ಹಿತವಾಗಿ ಒತ್ತಿ ಹಿಡಿಯುತ್ತವೆ. ಅಲಗು ಒಂದೇ ಪಕ್ಕಕ್ಕೆ ಸರಿಯುತ್ತಿದ್ದರೆ ಬೆಣೆ ಸಮವಾಗಿದೆಯೇ ಎಂಬುದನ್ನೂ ಪರೀಕ್ಷಿಸಬೇಕು. ಹಳೆಯ ಬೆಣೆಗಳು ಅನೇಕವೇಳೆ ಸೀಸದವು; ಸೀಸವು ವಿಷವಾದುದರಿಂದ ಕೊಂಬಿನ ಅಥವಾ ಹಿತ್ತಾಳೆಯ ಬೆಣೆಯೇ ಲೇಸು.

ಕೆಲಸಕ್ಕೆ ಮೊದಲು ಅಲಗಿನ ಬಾಯಿಗೆ ದಪ್ಪ ಬಟ್ಟೆ ಸುತ್ತಿರಿ. ಹಳೆಯ ಮೊಳೆಯ ತಲೆಯನ್ನು ಅರದಿಂದ ಉಜ್ಜಿ, ಮೆಲ್ಲನೆ ಹೊರದೂಡಿರಿ. ಹೊಸದನ್ನು ಪೋಣಿಸಿ, ಎರಡು ಕಡೆಗೂ ಪುಟ್ಟ ಬಿಲ್ಲೆಯಿಟ್ಟು, ಮೊಳೆಯ ದಪ್ಪದ ಅರ್ಧದಷ್ಟು ಮಾತ್ರ ಹೊರಗುಳಿಯುವಂತೆ ಕತ್ತರಿಸಿರಿ. ಬಳಿಕ ಚಿಕ್ಕ ಸುತ್ತಿಗೆಯಿಂದ, ಕತ್ತಿಯನ್ನು ಮಗುಚಿ ಮಗುಚಿ, ಹಗುರವಾಗಿ ತಟ್ಟುತ್ತ ಬನ್ನಿರಿ. ನಡುನಡುವೆ ಬಿಚ್ಚಿ ಮಡಿಸಿ ನೋಡಿರಿ. ಅಲಗು ಅಲ್ಲಾಡದೆ, ಬೆರಳಿನ ಅಲ್ಪ ಬಲಕ್ಕೆ ತೆರೆಯುವಂತಾದೊಡನೆ ನಿಲ್ಲಿಸತಕ್ಕದ್ದು. ಅತಿಯಾಗಿ ಬಿಗಿದರೆ ಮೊಳೆಯನ್ನು ಉಜ್ಜಿ ತೆಗೆಯದೆ ಬೇರೆ ದಾರಿಯಿಲ್ಲ.

ಮೊದಲಿಗೆ ಎರಡು ಮರದ ಚೂರುಗಳಲ್ಲಿ ಕೈ ಪಳಗಿಸಿಕೊಂಡು, ಆಮೇಲೆ ಹಿರಿಯರ ಕತ್ತಿಯನ್ನು ಮುಟ್ಟುವುದು ಜಾಣತನ.