ಅಗ್ಗದ ಸ್ಪೋರ್ಟ್ಸ್ ಕಾರು: ಕೊಳ್ಳುವ ಮೊದಲು ಕರ್ಣ ಅಳೆಯಿರಿ

‘ಅಪ್ಪಾ, ಒಂದು ಸ್ಪೋರ್ಟ್ಸ್ ಕಾರು ತಗೊಳ್ತಿದೀನಿ.’

‘ಎಷ್ಟಕ್ಕೋ?’

‘ತುಂಬಾ ಅಗ್ಗ. ಮುಂದೆ ಸ್ವಲ್ಪ ಗುದ್ದಿದೆ, ಅಷ್ಟೇ. ನಾನೇ ರಿಪೇರಿ ಮಾಡ್ಕೋತೀನಿ.’

ಎಂಜಿನಿಯರಿಂಗ್ ಓದಲು ಅಮೆರಿಕಕ್ಕೆ ಹೋದ ಮಗ ಹೀಗೆ ಫೋನು ಮಾಡಿದರೆ ಮೈಸೂರಿನಲ್ಲೋ ಶಿವಮೊಗ್ಗದಲ್ಲೋ ಕುಳಿತ ತಂದೆ ಏನು ಹೇಳಬೇಕು? ‘ಬೇಡ’ ಎಂದುಬಿಡುವುದು ಸುಲಭ. ‘ನಿನ್ನಿಷ್ಟ’ ಎನ್ನುವುದು ಇನ್ನೂ ಸುಲಭ. ಆದರೆ ಎರಡೂ ಸರಿಯಾದ ಉತ್ತರವಲ್ಲ. ಆ ‘ಅಷ್ಟೇ’ ಎಂಬ ಮಾತು ನಿಜವೋ ಸುಳ್ಳೋ ಎಂಬುದರ ಮೇಲೆ ಹಣ ಮಾತ್ರವಲ್ಲ, ಕಾರಿನಲ್ಲಿ ಕೂರುವವನ ಜೀವವೂ ನಿಂತಿದೆ.

ಅಗ್ಗ ಏಕೆ?

ಅಪಘಾತವಾದ ಕಾರಿನ ರಿಪೇರಿ ಖರ್ಚು ಅದರ ಮಾರುಕಟ್ಟೆ ಬೆಲೆಯ ಹತ್ತಿರ ಬಂದರೆ ಅಥವಾ ಅದನ್ನು ಮೀರಿದರೆ ವಿಮಾ ಕಂಪನಿ ಮಾಲೀಕನಿಗೆ ಹಣ ಕೊಟ್ಟು ಕಾರನ್ನು ತಾನೇ ತೆಗೆದುಕೊಳ್ಳುತ್ತದೆ. ಆಮೇಲೆ ಅದು ಹರಾಜಿಗೆ ಬರುತ್ತದೆ. ಅಮೆರಿಕದಲ್ಲಿ ಇಂಥ ಕಾರಿನ ಮಾಲೀಕತ್ವದ ಪತ್ರದ ಮೇಲೆ ‘ಸಾಲ್ವೇಜ್’ ಎಂಬ ಮುದ್ರೆ ಬೀಳುತ್ತದೆ. ಎಷ್ಟು ಹಾನಿಯಾದರೆ ಈ ಮುದ್ರೆ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ರಿಪೇರಿ ಮಾಡಿ ತಪಾಸಣೆ ಮಾಡಿಸಿದರೆ ಅನೇಕ ರಾಜ್ಯಗಳಲ್ಲಿ ಅದು ‘ರೀಬಿಲ್ಟ್’ ಎಂದಾಗುತ್ತದೆ. ಆದರೆ ಕಳಂಕ ಪೂರ್ತಿ ಹೋಗುವುದಿಲ್ಲ. ಮುಂದೆ ಮಾರುವಾಗ ಬೆಲೆ ಕಡಿಮೆ, ಪೂರ್ಣ ವಿಮೆಗೂ ಕೆಲವು ಕಂಪನಿಗಳು ಹಿಂದೇಟು ಹಾಕುತ್ತವೆ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಕಾರು ಹಳೆಯದಾದಷ್ಟೂ ಅದರ ಬೆಲೆ ಕಡಿಮೆ. ಹೀಗಾಗಿ ಬಂಪರು, ಎರಡು ದೀಪ, ರೇಡಿಯೇಟರು ಒಡೆದು ಏರ್‌ಬ್ಯಾಗ್ ಬಿಚ್ಚಿಕೊಂಡರೆ ಸಾಕು, ವಿಮಾ ಕಂಪನಿಯ ಲೆಕ್ಕದಲ್ಲಿ ಕಾರು ಸತ್ತಂತೆಯೇ. ಆದರೆ ಅದರ ಮೂಳೆ ಮುರಿದಿರಲೇಬೇಕೆಂದಿಲ್ಲ. ಜಾಣ ಗಿರಾಕಿ ಹುಡುಕುವುದು ಇಂಥದ್ದನ್ನೇ.

ಮುಚ್ಚಳವಿಲ್ಲದ ಪೆಟ್ಟಿಗೆ

ಹುಡುಗರ ಕಣ್ಣು ಹೆಚ್ಚಾಗಿ ಬೀಳುವ ಕಾರುಗಳಲ್ಲಿ ಮಾಜ್ದಾ ಮಿಯಾಟಾ ಒಂದು. ಸ್ವರಾಜ್ ಮಾಜ್ದಾ ಮಿನಿ ಲಾರಿಯಿಂದ ಆ ಹೆಸರನ್ನು ಬಲ್ಲ ನಮಗೆ ಇದು ಅಚ್ಚರಿಯೆನಿಸಬಹುದು. 1989ರಲ್ಲಿ ಷಿಕಾಗೊ ಮೋಟಾರು ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಈ ಕಾರಿಗೆ ಎರಡೇ ಸೀಟು, ಬಟ್ಟೆಯ ಮಡಿಚುವ ಚಾವಣಿ, 1.6 ಲೀಟರ್ ಎಂಜಿನ್. ಮೊದಲ ತಲೆಮಾರಿನ ಕಾರುಗಳಲ್ಲಿ ದೀಪ ಹಾಕಿದಾಗ ಕಪ್ಪೆಗಣ್ಣಿನಂತೆ ಮೇಲೇಳುತ್ತಿತ್ತು. ಅಮೆರಿಕದಲ್ಲಿ ಆರಂಭದ ಬೆಲೆ 13,800 ಡಾಲರ್. 2016ರ ಏಪ್ರಿಲ್‌ನಲ್ಲಿ ಹತ್ತು ಲಕ್ಷದ ಕಾರು ಹಿರೋಷಿಮಾದ ಕಾರ್ಖಾನೆಯಿಂದ ಹೊರಬಂತು. ಇಷ್ಟೊಂದು ಕಾರುಗಳಿರುವುದರಿಂದ ಹಳೆಯ ಬಿಡಿಭಾಗ ಸಿಗುವುದು ಕಷ್ಟವಲ್ಲ. ಕಲಿಯುವವರಿಗೆ ಇದು ದೊಡ್ಡ ಅನುಕೂಲ.

ಹಳೆಯ ಜೀಪಿನಂತೆ ಇದಕ್ಕೆ ಬೇರೆ ಚಾಸಿ ಇಲ್ಲ. ತಗಡನ್ನು ಮಡಿಚಿ ಬೆಸೆದ ದೇಹವೇ ಚಾಸಿ. ಜತೆಗೆ ಗಟ್ಟಿ ಚಾವಣಿಯೂ ಇಲ್ಲ. ಚಪ್ಪಲಿ ಡಬ್ಬದ ಮುಚ್ಚಳ ತೆಗೆದು ತಿರುಚಿ ನೋಡಿ, ಎಷ್ಟು ಸುಲಭವಾಗಿ ಸೊಟ್ಟಗಾಗುತ್ತದೆ! ತೆರೆದ ಕಾರಿನಲ್ಲಿ ಆ ಬಲವನ್ನೆಲ್ಲ ಹೊರುವುದು ತಳ ಮತ್ತು ಬಾಗಿಲಿನ ಕೆಳಗಿನ ಉದ್ದನೆಯ ಪೆಟ್ಟಿಗೆಯಂಥ ಭಾಗ. ಬಟ್ಟೆ ಚಾವಣಿಯ ನೀರು ಹೋಗುವ ಕೊಳವೆ ಕಟ್ಟಿಕೊಂಡರೆ ಹಿಂದಿನ ಚಕ್ರದ ಮುಂದೆ ಇದೇ ಜಾಗದಲ್ಲಿ ತುಕ್ಕು ಹಿಡಿಯುತ್ತದೆ. ಗುದ್ದಿದ್ದು ಮುಂದೆಯಾದರೂ ಮೊದಲು ಇಲ್ಲಿ ಬಗ್ಗಿ ನೋಡಬೇಕು.

ಬೋಲ್ಟೋ, ಬೆಸುಗೆಯೋ?

ನೋಡಲು ಹೋದಾಗ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ: ಕೆಟ್ಟಿರುವುದು ಬೋಲ್ಟು ಬಿಚ್ಚಿ ತೆಗೆಯುವ ಭಾಗವೋ, ಬೆಸುಗೆ ಹಾಕಿದ ಭಾಗವೋ? ಬಾನೆಟ್, ಮುಂದಿನ ಮಡ್‌ಗಾರ್ಡ್, ಬಂಪರು, ದೀಪ ಇವೆಲ್ಲ ಬೋಲ್ಟಿನವು. ಮನೆಯ ಷೆಡ್ಡಿನಲ್ಲೇ ಬದಲಿಸಬಹುದು. ಹಿಂದಿನ ಮಡ್‌ಗಾರ್ಡ್, ಕಂಬಗಳು, ಎಂಜಿನ್ನಿನ ಎರಡೂ ಬದಿ ಮುಂದಕ್ಕೆ ಚಾಚಿದ ಉದ್ದ ತೊಲೆಗಳು ಬೆಸುಗೆಯವು. ಇವು ಕೆಟ್ಟಿದ್ದರೆ ವಿದ್ಯಾರ್ಥಿಯ ಸ್ಪಾನರ್ ಸಾಲದು.

ಆ ತೊಲೆಗಳು ಅಪಘಾತದಲ್ಲಿ ಹಂತಹಂತವಾಗಿ ಮಡಿಚಿಕೊಂಡು ಪೆಟ್ಟನ್ನು ತಾವು ನುಂಗಲೆಂದೇ ಇರುವಂಥವು. ಒಮ್ಮೆ ಮಡಿಚಿದ್ದನ್ನು ಎಳೆದು ನೆಟ್ಟಗೆ ಮಾಡಿದರೆ ಕಣ್ಣಿಗೆ ಸರಿಯೆನಿಸೀತು. ಆದರೆ ತಂತಿಯೊಂದನ್ನು ಬಾಗಿಸಿ ನೆಟ್ಟಗೆ ಮಾಡಿ ನೋಡಿ: ಬಾಗಿದ ಜಾಗ ಗಡಸಾಗುತ್ತದೆ, ನಾಲ್ಕಾರು ಸಲ ಹೀಗೆ ಮಾಡಿದರೆ ತುಂಡಾಗುತ್ತದೆ. ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ಸರಿಮಾಡಿದರೆ ಉಕ್ಕಿನ ಗುಣವೇ ಬದಲಾಗಬಹುದು. ಮುಂದಿನ ಅಪಘಾತದಲ್ಲಿ ಆ ತೊಲೆ ಎಣಿಸಿದಂತೆ ಮಡಿಚುವುದೆಂಬ ಭರವಸೆಯಿಲ್ಲ.

ಮೇಸ್ತ್ರಿಯ ಪಾಠ

ಬಾಗಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಮನೆ ಕಟ್ಟುವಾಗ ಪಾಯಕ್ಕೆ ಗುರುತು ಹಾಕುವ ಮೇಸ್ತ್ರಿಯನ್ನು ನೆನಪಿಸಿಕೊಳ್ಳಿ. ನಾಲ್ಕು ಬದಿ ಅಳೆದ ಮೇಲೂ ಆತ ಟೇಪು ಮಡಿಚುವುದಿಲ್ಲ, ಮೂಲೆಯಿಂದ ಮೂಲೆಗೆ ಹಿಡಿಯುತ್ತಾನೆ. ಕಾರಿಗೂ ಇದೇ ವಿದ್ಯೆ. ಸಮತಟ್ಟಾದ ನೆಲದಲ್ಲಿ ಕಾರನ್ನು ಭದ್ರವಾದ ಸ್ಟ್ಯಾಂಡುಗಳ ಮೇಲೆ ಮಟ್ಟವಾಗಿ ನಿಲ್ಲಿಸಬೇಕು. ಬರೀ ಜಾಕಿಯನ್ನು ನಂಬಿ ಯಾರೂ ಕಾರಿನ ಕೆಳಗೆ ನುಸುಳಬಾರದು. ತಳದಲ್ಲಿ ಎಡ-ಬಲ ಒಂದೇ ರೀತಿ ಇರುವ ರಂಧ್ರಗಳಿಂದ ತೂಕದ ಗುಂಡನ್ನು ದಾರದಲ್ಲಿ ಇಳಿಬಿಟ್ಟು, ಅದು ತೋರಿಸಿದ ಕಡೆ ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಬೇಕು. ನಂತರ ಕರ್ಣಗಳನ್ನು ಅಳೆಯಬೇಕು.

ಹೈಸ್ಕೂಲಿನ ಪೈಥಾಗೊರಸ್ ಇಲ್ಲಿ ಉಪಯೋಗಕ್ಕೆ ಬರುತ್ತಾನೆ. ಲೆಕ್ಕ ಸುಲಭವಾಗಲೆಂದು ಅಗಲ 100 ಸೆಂ.ಮೀ., ಉದ್ದ 240 ಸೆಂ.ಮೀ. ಎನ್ನೋಣ. ಕರ್ಣ ಎರಡೂ 260. ಗುದ್ದಿದ ರಭಸಕ್ಕೆ ಕಾರಿನ ಮುಂಭಾಗ 2 ಸೆಂ.ಮೀ. ಪಕ್ಕಕ್ಕೆ ಸರಿದಿದೆ ಎಂದುಕೊಳ್ಳಿ. ಬದಿಯ ಉದ್ದ 240ರಿಂದ 240.01ರಷ್ಟೂ ಆಗುವುದಿಲ್ಲ, ಟೇಪಿಗೆ ಅದು ಕಾಣುವುದೇ ಇಲ್ಲ. ಆದರೆ ಕರ್ಣಗಳು? ಒಂದು ಸುಮಾರು 260.8, ಇನ್ನೊಂದು 259.2. ಒಂದೂವರೆ ಸೆಂಟಿಮೀಟರಿನ ವ್ಯತ್ಯಾಸ! ಕಾರಿನ ದೇಹದ ರಿಪೇರಿಯಲ್ಲಿ ಸಾಮಾನ್ಯವಾಗಿ ಒಪ್ಪುವುದು 3 ಮಿ.ಮೀ. ಆಸುಪಾಸನ್ನು ಮಾತ್ರ. ಬದಿಗಳು ಮುಚ್ಚಿಟ್ಟದ್ದನ್ನು ಕರ್ಣ ಹೇಳಿಬಿಡುತ್ತದೆ.

ಈ ಮನೆವಿದ್ಯೆ ಕೆಟ್ಟ ಕಾರನ್ನು ಬಿಟ್ಟುಬರಲು ಸಾಕು, ಒಳ್ಳೆಯದೆಂದು ಸಾಬೀತು ಮಾಡಲು ಸಾಲದು. ಅದಕ್ಕೆ ವರ್ಕ್‌ಷಾಪ್ ಪುಸ್ತಕದಲ್ಲಿರುವ ಅಳತೆಗಳೊಂದಿಗೆ ಹೋಲಿಸಬಲ್ಲ ನುರಿತವರ ಬಳಿ ಹೋಗಬೇಕು. ಮಿಯಾಟಾದಲ್ಲಿ ನಾಲ್ಕೂ ಚಕ್ರಗಳ ಓರೆಯನ್ನು ಹೊಂದಿಸಲು ಅವಕಾಶವಿದೆ. ಅಲೈನ್‌ಮೆಂಟ್ ಯಂತ್ರದ ಮೇಲೆ ಎಷ್ಟು ತಿರುಗಿಸಿದರೂ ಒಂದು ಚಕ್ರ ಹದಕ್ಕೆ ಬಾರದಿದ್ದರೆ ಒಳಗೆ ಏನೋ ಬಾಗಿದೆ ಎಂದೇ ಅರ್ಥ.

ಮೇಲೆ ಥಳುಕು, ಒಳಗೆ ಹುಳುಕು

ಪುಟ್ಟಿ ಮೆತ್ತಿ ಬಣ್ಣ ಹೊಡೆದ ಕಾರನ್ನು ಅಯಸ್ಕಾಂತದಿಂದ ಪರೀಕ್ಷಿಸುವುದು ಹಳೆಯ ಉಪಾಯ. ಪುಟ್ಟಿ ದಪ್ಪವಿದ್ದಲ್ಲಿ ಅದು ಅಂಟುವುದಿಲ್ಲ. ಆದರೆ ಹಳೆಯ ಮಿಯಾಟಾದ ಬಾನೆಟ್ ಅಲ್ಯುಮಿನಿಯಮ್ಮಿನದು, ಅಲ್ಲಿ ಅಯಸ್ಕಾಂತ ಅಂಟದಿದ್ದರೆ ಮೋಸವೆಂದು ಕೂಗಾಡಬೇಡಿ!

ಏರ್‌ಬ್ಯಾಗಿನ ಎಚ್ಚರಿಕೆ ದೀಪವನ್ನೂ ನೋಡಿ. ಕೀಲಿ ತಿರುಗಿಸಿದಾಗ ಅದು ಹತ್ತಿ, ಕೆಲವು ಕ್ಷಣಗಳಲ್ಲಿ ಆರಬೇಕು. ಹತ್ತುವುದೇ ಇಲ್ಲವೆಂದರೆ ಯಾರೋ ಬಲ್ಬನ್ನು ಕಿತ್ತಿರಬಹುದು. ನಕಲಿ ಏರ್‌ಬ್ಯಾಗುಗಳ ಬಗ್ಗೆ ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ 2012ರಲ್ಲೇ ಎಚ್ಚರಿಸಿತ್ತು. ಅಪಘಾತದಲ್ಲಿ ಜಗ್ಗಿದ ಸೀಟು ಬೆಲ್ಟನ್ನೂ ಬದಲಿಸಬೇಕು. ಈ ಎರಡರಲ್ಲಿ ಮಾತ್ರ ಉಳಿತಾಯದ ಯೋಚನೆ ಬೇಡ.

‘ಸರಕಾರದವರೇ ತಪಾಸಣೆ ಮಾಡಿದ್ದಾರಲ್ಲ’ ಎಂಬ ಸಮಾಧಾನವೂ ಸಲ್ಲದು. ಉದಾಹರಣೆಗೆ ನ್ಯೂಯಾರ್ಕ್ ರಾಜ್ಯದಲ್ಲಿ ಸಾಲ್ವೇಜ್ ಕಾರನ್ನು ಪರೀಕ್ಷಿಸುವುದು ಕಳವಿನ ಬಿಡಿಭಾಗ ಸೇರಿದೆಯೇ ಎಂದು ತಿಳಿಯಲು. ರಿಪೇರಿ ಗಟ್ಟಿಯಾಗಿದೆಯೇ ಎಂಬುದು ಅಲ್ಲಿನ ಪ್ರಶ್ನೆಯಲ್ಲ. ಹಾಗಾಗಿ ಕೊಂಡ ಪ್ರತಿಯೊಂದು ವಸ್ತುವಿನ ರಸೀತಿ ಜೋಪಾನ ಮಾಡಿ, ಕೆಲಸದ ಪ್ರತಿ ಹಂತದ ಫೋಟೊ ತೆಗೆದಿಡಿ.

ನಮ್ಮಲ್ಲೂ ರಿಪೇರಿ ವೆಚ್ಚ ವಿಮೆಯ ಘೋಷಿತ ಮೌಲ್ಯದ ಶೇಕಡ 75 ದಾಟಿದರೆ ಕಾರನ್ನು ಪೂರ್ಣ ನಷ್ಟವೆಂದು ಪರಿಗಣಿಸುವ ಪದ್ಧತಿಯಿದೆ. ಇನ್ನು ಬಳಸಲಾಗದಷ್ಟು ಹಾಳಾದ ವಾಹನದ ಬಗ್ಗೆ ಮಾಲೀಕ ನೋಂದಣಿ ಕಚೇರಿಗೆ 14 ದಿನಗಳೊಳಗೆ ಅಥವಾ ಆದಷ್ಟು ಬೇಗ ತಿಳಿಸಬೇಕೆಂದು 1988ರ ಮೋಟಾರು ವಾಹನ ಕಾಯ್ದೆಯ 55ನೇ ಕಲಮು ಹೇಳುತ್ತದೆ. ಜಜ್ಜಿದ ಕಾರಿನ ದಾಖಲೆಯನ್ನು ಕಳವಿನ ಕಾರಿಗೆ ಅಂಟಿಸುವ ದಂಧೆಯನ್ನು ಪೊಲೀಸರು ಬಯಲಿಗೆಳೆದದ್ದುಂಟು. ಇಲ್ಲಿ ಕೊಳ್ಳುವವರು ಚಾಸಿ ಮತ್ತು ಎಂಜಿನ್ ನಂಬರುಗಳನ್ನು ಆರ್.ಸಿ. ಪುಸ್ತಕದೊಂದಿಗೆ ತಾಳೆ ನೋಡದೆ ಮುಂಗಡ ಕೊಡಬಾರದು.

ಅಪ್ಪ ಕೇಳಬೇಕಾದ ಪ್ರಶ್ನೆ

ಖರ್ಚಿನ ಅಂದಾಜು ಮಾಡುವಾಗ ಹರಾಜಿನ ಬೆಲೆಗೆ ಹರಾಜಿನವರ ಶುಲ್ಕ, ಎಳೆದು ತರುವ ಬಾಡಿಗೆ, ಬಿಡಿಭಾಗ, ಬಣ್ಣ, ತಪಾಸಣೆ, ವಿಮೆ ಎಲ್ಲ ಸೇರಿಸಿ, ಬಂದ ಮೊತ್ತದ ಮೇಲೆ ಮೂರನೇ ಒಂದು ಪಾಲು ಹೆಚ್ಚಿಗೆ ಇಟ್ಟುಕೊಳ್ಳಿ. ಬಿಚ್ಚಿದ ಮೇಲೆ ಕಾಣುವ ಹುಳುಕಿಗೆ ಅದು ಬೇಕಾಗುತ್ತದೆ. ಇಷ್ಟಾದ ಮೇಲೂ ಗುದ್ದಿಸಿಕೊಳ್ಳದ ಕಾರಿಗಿಂತ ಅಗ್ಗವೆನಿಸಿದರೆ ಮಾತ್ರ ಮುಂದುವರಿಯಿರಿ. ಕೆಲಸದಲ್ಲಿ ಅಳತೆ ಮೊದಲು, ಬಣ್ಣ ಕೊನೆಗೆ. ಎಷ್ಟೋ ಹುಡುಗರು ಇದನ್ನು ತಿರುವುಮುರುವು ಮಾಡುತ್ತಾರೆ.

ಅಳತೆ ತಪ್ಪಿದ ಕಾರನ್ನು ಬಿಟ್ಟು ಬರಿಗೈಯಲ್ಲಿ ವಾಪಸಾಗುವುದು ಸೋಲಲ್ಲ. ಆಸೆಪಟ್ಟ ವಸ್ತುವಿನ ಮುಂದೆ ನಿಂತು ಟೇಪಿನ ಮಾತು ಕೇಳಬಲ್ಲ ಹುಡುಗ ಮುಂದೆ ಸೇತುವೆ ಕಟ್ಟಿದರೂ ಯಂತ್ರ ಮಾಡಿದರೂ ಅದರ ಮೇಲೆ ನಂಬಿಕೆಯಿಡಬಹುದು. ಅಳತೆ ಸರಿಬಂದರಂತೂ ಅವನಿಗೆ ಕಾರೂ ಸಿಕ್ಕಿತು, ವಿದ್ಯೆಯೂ ಸಿಕ್ಕಿತು.

ಆದ್ದರಿಂದ ಅಂಥ ಫೋನು ಬಂದರೆ ‘ಎಷ್ಟಕ್ಕೋ?’ ಎಂದು ಮೊದಲು ಕೇಳಬೇಡಿ. ‘ಕರ್ಣ ಅಳೆದೆಯೇನೋ?’ ಎಂದು ಕೇಳಿ. ಅಳೆದಿಲ್ಲವೆಂದರೆ, ‘ಅಳೆದು ನೋಡಿ ನಾಳೆ ಫೋನು ಮಾಡು’ ಎಂದರಾಯಿತು.