ಮನೆ ಗಟ್ಟಿ, ಕಾಗದ ಸಡಿಲ

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ ಮನೆಸಾಲ ಸಿಗುವುದಿಲ್ಲ ಎಂಬ ಮಾತು ಬಂದಾಗ ಬ್ಯಾಂಕಿನ ಜಿಪುಣತನವನ್ನು ಬೈಯುವುದು ಸುಲಭ. ನಿಯಮ ಮಾತ್ರ ಅಷ್ಟೇನೂ ಬಿಗಿಯಿಲ್ಲ. 30 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಆಸ್ತಿ ಬೆಲೆಯ ಶೇ 90ರಷ್ಟು ಕೊಡಲು ರಿಸರ್ವ್ ಬ್ಯಾಂಕ್ ಅನುಮತಿಸಿದೆ. 10 ಲಕ್ಷದೊಳಗಿನ ಮನೆಯಾದರೆ ಮುದ್ರಾಂಕ, ನೋಂದಣಿ ಖರ್ಚನ್ನೂ ಬೆಲೆಗೆ ಸೇರಿಸಿಕೊಳ್ಳಬಹುದು. ಈ ಸಡಿಲಿಕೆ ಬಂದದ್ದು 2015ರಲ್ಲಿ. ತೊಡಕಿರುವುದು ಗೋಡೆಯಲ್ಲಲ್ಲ, ಅದರಡಿಯ ನೆಲದಲ್ಲಿ. ಗುಂಟೆ ಲೆಕ್ಕದಲ್ಲಿ ಹೊಲ ಕೊಂಡು, ಎನ್‌ಎ (ಕೃಷಿಯೇತರ ಪರಿವರ್ತನೆ) ಮಾಡಿಸದೆ ಆರ್‌ಸಿಸಿ ಹಾಕಿಸಿದರೂ ದಾಖಲೆಯಲ್ಲಿ ಅದು ಹೊಲವೇ. ಗ್ರಾಮ ಪಂಚಾಯಿತಿಯ ಆಸ್ತಿ ದಾಖಲೆಯಾದ ಇ-ಸ್ವತ್ತಿನಲ್ಲಿ ಫಾರಂ 9, 11ಎ ಇದ್ದವರ ಅರ್ಜಿ ಮುಂದೆ ಸಾಗುತ್ತದೆ. ಪರಿವರ್ತನೆಯಾಗದ ಜಾಗಕ್ಕೆ ಕೊಡುವ 11ಬಿ ಹಿಡಿದು ಹೋದವರು ಸಾಮಾನ್ಯವಾಗಿ ಹಿಂದಿರುಗುತ್ತಾರೆ.

ಬ್ಯಾಂಕಿನ ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಸಾಲ ಮುಳುಗಿದಾಗ ಕೋರ್ಟಿಗೆ ಹೋಗದೆ ಆಸ್ತಿ ವಶಪಡಿಸಿಕೊಳ್ಳಲು ಅವಕಾಶ ಕೊಡುವ 2002ರ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ. ಠೇವಣಿದಾರರ ದುಡ್ಡನ್ನು ಅಂಥ ಅಡಮಾನದ ಮೇಲೆ ಹಾಕು ಎನ್ನುವುದು ಹೇಗೆ? ಅಮೆರಿಕದಲ್ಲೂ ಇದೇ ಕಥೆ. ಕಾರ್ಖಾನೆಯಲ್ಲಿ ತಯಾರಾದ ಮನೆಯನ್ನು ಬಾಡಿಗೆ ಜಾಗದಲ್ಲಿ ನಿಲ್ಲಿಸಿದರೆ ಸಾಮಾನ್ಯವಾಗಿ ಅದು ಸ್ಥಿರಾಸ್ತಿ ಎನಿಸಿಕೊಳ್ಳುವುದಿಲ್ಲ. ವಾಹನದ ಸಾಲದಂತೆ ಹೆಚ್ಚು ಬಡ್ಡಿ, ಕಡಿಮೆ ಅವಧಿ. ಆದರೆ ಬ್ಯಾಂಕು ಒಲ್ಲೆನೆಂದ ಮಾತ್ರಕ್ಕೆ ಮನೆ ಕಟ್ಟುವುದು ನಿಲ್ಲುತ್ತದೆಯೇ? ಅಡಮಾನ ಕೇಳದ ಸಂಘದ (ಮೈಕ್ರೊಫೈನಾನ್ಸ್) ಸಾಲ ಇದ್ದೇ ಇದೆ. ಬಡವರ ಕೈ ಹಿಡಿಯುವುದು ಅದೇ ಅಲ್ಲವೇ ಎನ್ನುವವರಿದ್ದಾರೆ. ಹೊಲಿಗೆ ಯಂತ್ರಕ್ಕೋ ಎಮ್ಮೆಗೋ ಅದು ಸರಿ. ಆ ದುಡಿಮೆ ಕಂತು ಕಟ್ಟುತ್ತದೆ. ಮನೆ ದುಡಿಯುವುದಿಲ್ಲ, ಮೇಲಾಗಿ ಬಡ್ಡಿ ಮನೆಸಾಲದ ಎರಡು ಪಟ್ಟಿಗೂ ಹೆಚ್ಚು. ಇಂಥ ಸಾಲಕ್ಕೆ ರಿಸರ್ವ್ ಬ್ಯಾಂಕ್ ತಂದ 2022ರ ನಿಯಮದ ಪ್ರಕಾರ ವಾರ್ಷಿಕ 3 ಲಕ್ಷದವರೆಗೆ ಆದಾಯವಿರುವ ಕುಟುಂಬದ ಎಲ್ಲ ಕಂತುಗಳೂ ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ಆದರೆ ಕಾಲುವೆಯ ನೀರು ನಂಬಿದ ಭತ್ತದ ಮನೆಗೂ ಮಳೆ ನಂಬಿದ ತೊಗರಿಯ ಮನೆಗೂ 'ತಿಂಗಳ ಆದಾಯ' ಎಂಬುದೇ ಒಂದು ಅಂದಾಜು. ಈ ಸಾಲಗಳ ಬಲವಂತದ ವಸೂಲಿ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಅದು ವಸೂಲಿಯ ರೀತಿಗೆ ಕಡಿವಾಣ; ಕಂತಿನ ಭಾರ ಹಾಗೇ ಉಳಿಯುತ್ತದೆ.

ಆದ್ದರಿಂದ ಬಡ್ಡಿ ಸಹಾಯಧನಕ್ಕಿಂತ ಮೊದಲು ಬೇಕಾದದ್ದು ನೆಲದ ಕಾಗದ. 2023ರ ಜನವರಿ 19ರಂದು ಮಳಖೇಡದಲ್ಲಿ ರಾಯಚೂರು ಸೇರಿ ಐದು ಜಿಲ್ಲೆಗಳ ತಾಂಡಾ ನಿವಾಸಿಗಳಿಗೆ 50 ಸಾವಿರಕ್ಕೂ ಹೆಚ್ಚು ಹಕ್ಕುಪತ್ರ ನೀಡಲಾಯಿತು. ದಿಕ್ಕು ಸರಿಯಾದದ್ದೇ. ಆದರೆ ಹಕ್ಕುಪತ್ರ ಖಾತೆಗೆ ಏರಬೇಕು, ಅಡಮಾನಕ್ಕೆ ಒಪ್ಪಿತವಾಗಬೇಕು. ಅಲ್ಲಿಯವರೆಗೆ ಅದು ಟ್ರಂಕಿನಲ್ಲೇ ಇರುತ್ತದೆ. ಹೀಗೆ ಸಕ್ರಮ ಮಾಡುತ್ತ ಹೋದರೆ ಕಾನೂನು ಪಾಲಿಸಿದವನು ಮೂರ್ಖನಾಗುವುದಿಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದು. ಎನ್‌ಎ ಇಲ್ಲದೆ ಲೇಔಟ್ ಮಾಡಿ ಮಾರಿದವನ ವಿಷಯದಲ್ಲಿ ಅದನ್ನು ಪೂರ್ತಿ ಒಪ್ಪಬೇಕು. ದಂಡ ಅವನ ಮೇಲೆ ಬೀಳಲಿ. ಆದರೆ ಕಂದಾಯ ದಾಖಲೆಗೆ ಊರೇ ಅಲ್ಲದಿದ್ದ ತಾಂಡಾದಲ್ಲಿ ತಲೆಮಾರುಗಳಿಂದ ಬದುಕಿದವರು ಯಾವ ನಿಯಮವನ್ನೂ ತಪ್ಪಿಸಿಕೊಂಡು ಬಂದವರಲ್ಲ.