ಸಿದ್ಧಾಯದಿಂದ ಆದಾಯ ತೆರಿಗೆಗೆ

ಮಾರ್ಚ್ ತಿಂಗಳು ಸಮೀಪಿಸಿತೆಂದರೆ ಹಳೆಯ ಪದ್ಧತಿಯಲ್ಲೇ ಲೆಕ್ಕ ಒಪ್ಪಿಸುವ ಸಂಬಳದಾರರ ಮನೆಗಳಲ್ಲಿ ಕಾಗದಪತ್ರಗಳ ಶೋಧ ಆರಂಭವಾಗುತ್ತದೆ. ಯಜಮಾನರು ವಿಮೆಯ ರಸೀತಿಗಾಗಿ ಕಪಾಟನ್ನು ಬುಡಮೇಲು ಮಾಡುತ್ತಾರೆ. ಅದೇ ದಿನಗಳಲ್ಲಿ ಸೊರಬದ ಅಡಿಕೆ ತೋಟದ ನೆಂಟರು ಮಾತ್ರ ನಿಶ್ಚಿಂತರು! ಇದೇಕೆ ಹೀಗೆ?

‘ಆದಾಯ ತೆರಿಗೆ’ ಎಂಬ ಜೋಡಿಪದ ಹೊಸದಾದರೂ ಅದರೊಳಗಿನ ‘ಆಯ’ ಬಹು ಹಳೆಯದು. ‘ತೆರಿಗೆ’ಯ ಮೂಲವಾದ ‘ತೆರು’ ಎಂಬ ಧಾತು ಅಚ್ಚಗನ್ನಡದ್ದು. ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಶಾಸನಗಳ ಕಣಜ. ಬಿ. ಎಲ್. ರೈಸ್ ಅವರು 1902 ಮತ್ತು 1904ರಲ್ಲಿ ಹೊರತಂದ ಎರಡು ಸಂಪುಟಗಳಲ್ಲಿ ಅವು ಅಚ್ಚಾಗಿವೆ. ಬನವಾಸಿ ಹನ್ನೆರಡು ಸಾವಿರದ ರಾಜಧಾನಿಯಾಗಿದ್ದ ಬಳ್ಳಿಗಾವೆಯ ಸೀಮೆಯ ಕಲ್ಲುಗಳಲ್ಲಿ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮೊದಲಾದ ಹೆಸರುಗಳು ಕಾಣುತ್ತವೆ. ದೊಡ್ಡ ಸರಕಿನ ಸುಂಕ ಹೆಜ್ಜುಂಕ, ಸಣ್ಣಪುಟ್ಟವುಗಳದು ಕಿರುಕುಳ. ಈ ಕೊನೆಯ ಪದಕ್ಕೆ ಇಂದು ಬಂದಿರುವ ಅರ್ಥವನ್ನು ತೆರಿಗೆ ತೆತ್ತವರಾರೂ ಆಕ್ಷೇಪಿಸಲಾರರು.

ಇವೆಲ್ಲಕ್ಕಿಂತ ಮುಖ್ಯವಾದುದು ‘ಸಿದ್ಧಾಯ’. ಸಿದ್ಧವಾದ, ಅಂದರೆ ಮೊದಲೇ ನಿಗದಿಯಾದ ಆಯ. ಅದನ್ನು ಗದ್ಯಾಣಗಳಲ್ಲಿ ಗೊತ್ತುಪಡಿಸುತ್ತಿದ್ದರು. ಇಂದಿನ ಆದಾಯ ತೆರಿಗೆಗೂ ಇದಕ್ಕೂ ಇರುವ ಅಂತರ ಇಲ್ಲಿಯೇ ಇದೆ. ಗಳಿಕೆ ಇಲ್ಲದ ವರ್ಷ ಆದಾಯ ತೆರಿಗೆಯೂ ಇಲ್ಲ. ಸಿದ್ಧಾಯವಾದರೋ ನೆಲದ ಮೇಲೆ ಕೂತದ್ದು. ಮುಂದೆ 17ನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪನಾಯಕನು ಹನ್ನೆರಡು ವರ್ಷಗಳ ಬೆಳೆಯ ಸರಾಸರಿ ಹಿಡಿದು ಮೂರರಲ್ಲೊಂದು ಪಾಲನ್ನು ಕಂದಾಯವಾಗಿ ನಿಗದಿ ಮಾಡಿದನೆಂದು ಪ್ರತೀತಿ. ಅದೇ ‘ಶಿಸ್ತು’.

ವ್ಯಕ್ತಿಯ ಗಳಿಕೆಯ ಮೇಲಿನ ತೆರಿಗೆಯನ್ನು ಬ್ರಿಟಿಷ್ ಇಂಡಿಯಾದಲ್ಲಿ ಜಾರಿಗೆ ತಂದವನು ಜೇಮ್ಸ್ ವಿಲ್ಸನ್, 1860ರಲ್ಲಿ. 1857ರ ದಂಗೆಯ ವೆಚ್ಚ ತುಂಬಬೇಕಾಗಿತ್ತು. ನಮ್ಮ ಸಂವಿಧಾನವು ಈ ಅಧಿಕಾರವನ್ನು ಎರಡಾಗಿ ಹಂಚಿದೆ: ಕೃಷಿಯ ಆದಾಯ ರಾಜ್ಯಗಳಿಗೆ, ಉಳಿದುದು ಕೇಂದ್ರಕ್ಕೆ. ಆದ್ದರಿಂದಲೇ ಕೇಂದ್ರದ ಆದಾಯ ತೆರಿಗೆ ತೋಟದ ಬೇಲಿಯ ಹೊರಗೆ ನಿಲ್ಲುತ್ತದೆ. ಬೆಳೆಗಾರನು ತನ್ನ ಅಡಿಕೆಯನ್ನು ಸುಲಿದು, ಬೇಯಿಸಿ, ಒಣಗಿಸಿ ಮಾರಿದರೂ ಅದು ಕೃಷಿಯೇ. ನೆರೆಯವನ ಅಡಿಕೆಯನ್ನು ಕೊಂಡು ಮಾರಿದನೋ, ಅದು ವ್ಯಾಪಾರ. ಲಾಭಕ್ಕೆ ತೆರಿಗೆ ಉಂಟು.

ಇನ್ನು ಸೊರಬದಲ್ಲಿ ತೋಟ, ಶಿಕಾರಿಪುರದಲ್ಲಿ ಬಟ್ಟೆಯಂಗಡಿ ಇರುವವರ ಸ್ಥಿತಿ ಸ್ವಲ್ಪ ಸೂಕ್ಷ್ಮವಾದುದು. ಅಂಗಡಿಯ ಗಳಿಕೆ ವಿನಾಯಿತಿಯ ಮಿತಿಯನ್ನು ದಾಟಿ, ತೋಟದ ನಿವ್ವಳ ಆದಾಯವೂ 5,000 ರೂಪಾಯಿ ಮೀರಿದರೆ, 1973ರಲ್ಲಿ ಬಂದ ನಿಯಮದಂತೆ ಎರಡನ್ನೂ ಕೂಡಿಸಿಯೇ ತೆರಿಗೆಯ ದರವನ್ನು ಕಟ್ಟುತ್ತಾರೆ. ಅಡಿಕೆಯ ಮೇಲೆ ತೆರಿಗೆ ಬೀಳುವುದಿಲ್ಲ; ಆದರೆ ಬಟ್ಟೆಯ ಮೇಲಿನ ತೆರಿಗೆ ಏರುತ್ತದೆ.